ಸಪ್ಲೈ ಸಾಲದು

ಕರೆಂಟು ಹೋದ ಕೂಡಲೇ ಮನುಷ್ಯ ಮೊದಲು ಹುಡುಕುವುದು ಮೇಣದ ಬತ್ತಿಯನ್ನಲ್ಲ, ಎದುರು ಮನೆಯನ್ನು. ಬೀದಿ ಬಾಗಿಲಿಗೆ ಬಂದು ಕತ್ತು ಉದ್ದ ಮಾಡಿ ನೋಡುತ್ತಾನೆ. ಅಲ್ಲಿಯೂ ಕತ್ತಲಾಗಿದ್ದರೆ ಅರ್ಧ ಸಮಾಧಾನ. ಪಕ್ಕದ ರಸ್ತೆಯಲ್ಲೂ ಇಲ್ಲ ಅಂತ ಯಾರಾದರೂ ಕೂಗಿ ಹೇಳಿದರೆ ಪೂರ್ತಿ ಸಮಾಧಾನ. ಒಳಗೆ ಬಂದು ನೆಮ್ಮದಿಯಾಗಿ ಬೀಸಣಿಗೆ ಹಿಡಿದು ಕೂರುತ್ತಾನೆ. ಎದುರು ಮನೆಯಲ್ಲಿ ಟಿ.ವಿ. ಹಾಡುತ್ತಿದ್ದು ನಮ್ಮಲ್ಲಿ ಮಾತ್ರ ಹೋಗಿದ್ದರೆ ಆಗ ನೋಡಬೇಕು ಅವನ ಸಂಕಟ. ಚಾಮರಾಜಪೇಟೆಯ ಈ ಅಡ್ಡರಸ್ತೆಗೆ ಸೊಸೆಯಾಗಿ ಬಂದಾಗಿನಿಂದ ನಾನೂ ಹಾಗೆಯೇ ಕತ್ತು ಉದ್ದ ಮಾಡುತ್ತಾ ಬಂದವಳು. ಆದರೆ ನಮ್ಮ ಯಜಮಾನರಿಗೆ ಕರೆಂಟು ಹೋಗಲು ಶುರುವಾದ ಕಾಲದಲ್ಲಿ ಎದುರು ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ನಮ್ಮ ಮನೆಯಲ್ಲೂ ಇರುತ್ತಿತ್ತು.

ನಮ್ಮ ಯಜಮಾನರು ಬೋರ್ಡ್ ಬರೆಯುವವರು. ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸುವುದು ಬರುವುದಕ್ಕೆ ಮುಂಚೆ ನಮ್ಮ ಪೇಟೆಯ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಇದ್ದದ್ದು ಅವರ ಅಕ್ಷರ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಷ್ಟಿಷ್ಟು ಓದು ಉಳಿದುಕೊಂಡಿದ್ದರೆ ಅದು ಅವರು ಹಿತ್ತಲಿನಲ್ಲಿ ಒಣಗಲು ನಿಲ್ಲಿಸುತ್ತಿದ್ದ ಬೋರ್ಡುಗಳಿಂದ. 'ಇಲ್ಲಿ ವಾಹನ ನಿಲ್ಲಿಸಬಾರದು', 'ಜಾಹೀರಾತು ಅಂಟಿಸಬಾರದು', 'ಒಳಗೆ ಪ್ರವೇಶವಿಲ್ಲ'. ನನ್ನ ವಿದ್ಯಾಭ್ಯಾಸವೆಲ್ಲ ಬೇಡ ಅನ್ನುವ ಮಾತುಗಳಲ್ಲೇ ನಡೆಯಿತು. ನನ್ನ ಮಾತು ಒರಟು ಅಂತ ಜನ ಅನ್ನುವುದು ಅದಕ್ಕೇ ಇರಬೇಕು. ಇವತ್ತಿಗೂ ಮೊಳದುದ್ದದ ಅಕ್ಷರ ಕೊಟ್ಟರೆ ಸರಾಗವಾಗಿ ಓದುತ್ತೇನೆ. ಪೇಪರಿನ ಅಕ್ಷರ ಮಾತ್ರ ಒಂದಕ್ಕೊಂದು ಅಂಟಿಕೊಂಡ ಶಾವಿಗೆಯ ಹಾಗೆ ಕಾಣುತ್ತದೆ.

ಇವರಿಗೆ ಕೆಲಸ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಹಳೇ ಗಿರಾಕಿಗಳು ಮನೆ ಹೆಸರಿನ ಹಲಗೆ, ಡಾಕ್ಟರ ಶಾಪಿನ ಹಲಗೆ ಅಂತ ತರುತ್ತಿದ್ದರು. ಸಾಯಂಕಾಲ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬರೆಯುತ್ತಿದ್ದರು. ಒಂದು ದಿನ ನೋಡುತ್ತೇನೆ, 'ಶ್ರೀನಿಲಯ' ಬೆಟ್ಟ ಹತ್ತುತ್ತಾ ಇದೆ. ಶ್ರೀ ಕೆಳಗಿದೆ, ಯ ಹಲಗೆಯ ಮೇಲಿನ ಅಂಚಿಗೆ ತಲೆ ತಾಗಿಸಿಕೊಂಡಿದೆ. "ಏನ್ರೀ ಇದು, ಮನೇನಾ ತಿರುಪತಿನಾ?" ಅಂದೆ. ಹಲಗೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ವೋಲ್ಟೇಜ್ ಇಲ್ಲ ಕಣೇ. ಬಲ್ಬು ಹೆಂಗೆ ಮಿಣಮಿಣ ಅಂತಿದೆ ನೋಡು" ಅಂದರು. ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು.

ಆವತ್ತಿನಿಂದ ನಮ್ಮ ಮನೆಗೆ ಬೆಳಕು ಬರಲು ಶುರುವಾಯಿತು. ಸಣ್ಣ ಬಲ್ಬು ತೆಗೆದು ದೊಡ್ಡದು ಹಾಕಿಸಿದರು. ಅದರ ಪಕ್ಕಕ್ಕೆ ಒಂದು ಟ್ಯೂಬ್‌ಲೈಟ್, ಎದುರು ಗೋಡೆಗೆ ಇನ್ನೊಂದು. ನಡುಮನೆ ಛತ್ರದ ಹಾಗೆ ಝಗಝಗ ಅನ್ನುತ್ತಿತ್ತು. ಪಕ್ಕದ ಮನೆಯಾಕೆ ಬಂದು, "ಏನ್ ನಂಜಮ್ಮನೋರೇ, ಮನೇಲಿ ಏನಾದ್ರೂ ವಿಶೇಷಾನಾ?" ಅಂತ ಕೇಳಿದಳು. ಈ ಝಗಝಗದ ನಡುವೆ ಕೂತು ಇವರು, "ಸಪ್ಲೈ ಸಾಲದು" ಅನ್ನುತ್ತಿದ್ದರು. ಕಾಫಿ ಲೋಟ ಇಡುವಾಗ ಮೇಜಿನ ಅಂಚು ತಪ್ಪಿಸಿ ಗಾಳಿಯಲ್ಲಿ ಇಟ್ಟರು. ಅದಕ್ಕೂ ಕರೆಂಟಿನವರನ್ನೇ ಬೈದರು.

ಮಗಳು ಶಾರದ ಎನ್.ಆರ್. ಕಾಲೋನಿಯಲ್ಲಿದ್ದಾಳೆ. ಕಾಲೇಜಿನ ಆಫೀಸಿನಲ್ಲಿ ಕೆಲಸ. ಲೋಟದ ವಿಷಯ ಕೇಳಿ ಒಂದು ದಿನ ರಜ ಹಾಕಿ ಬಂದು ನಮ್ಮಿಬ್ಬರನ್ನೂ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆತ್ತಗಿನ ಮಾತು. ಇವರ ಕಣ್ಣಿಗೆ ಏನೇನೋ ಹಾಕಿ, ಗದ್ದ ಊರಿಸಿ, ಒಳಗೆ ಬೆಳಕು ಬಿಟ್ಟು ನೋಡಿ ಹೇಳಿದಳು: "ಕಣ್ಣೊಳಗೆ ಒತ್ತಡ ಜಾಸ್ತಿ ಆಗಿದೆ ಯಜಮಾನ್ರೇ. ಹಿಂದಿನ ನರಕ್ಕೆ ಸಪ್ಲೈ ಸಾಲ್ತಾ ಇಲ್ಲ, ಒಣಗ್ತಾ ಬಂದಿದೆ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಆದಷ್ಟು ದಿನ ಉಳಿಸ್ಕೊಳ್ಳೋಣ. ಹನಿ ಔಷಧಿ ತಪ್ಪದೆ ಹಾಕ್ಕೊಳ್ಳಿ." ಆಮೇಲೆ ನನ್ನನ್ನೂ ಶಾರದಳನ್ನೂ ಹೊರಗೆ ನಿಲ್ಲಿಸಿಕೊಂಡು, ಬಹಳ ತಡವಾಗಿ ಬಂದಿದ್ದೀರಿ, ಪೂರ್ತಿ ಹೋಗುವ ಹಾಗೆಯೇ ಕಾಣುತ್ತದೆ, ಮನೆಯಲ್ಲಿ ಅವರ ಮನಸ್ಸನ್ನು ಈಗಿನಿಂದಲೇ ಸಿದ್ಧ ಮಾಡಿ ಅಂದಳು. ಮನಸ್ಸು ಸಿದ್ಧ ಮಾಡುವುದು ಅಂದರೆ ದೋಸೆಗೆ ನೆನೆಹಾಕುವುದು ಅಂತ ತಿಳಿದುಕೊಂಡಿದ್ದಳೋ ಏನೋ.

ಆಟೋದಲ್ಲಿ ಕೂತ ಮೇಲೆ ಇವರ ಮುಖ ನೋಡಿದೆ. ಗೆದ್ದವರ ಮುಖ. "ಕೇಳಿದ್ಯೇನೇ? ಡಾಕ್ಟ್ರೇ ಹೇಳಿದ್ರಲ್ಲ, ಸಪ್ಲೈ ಸಾಲದು ಅಂತ. ನಾನು ಯಾವತ್ತಿಂದ ಬಡ್ಕೋತಿದೀನಿ!" ಅಂದರು. ನಾನು ಬಾಯಿ ತೆರೆಯುವುದರೊಳಗೆ ಆಟೋದವನು ಹಿಂದೆ ತಿರುಗಿದ. "ನಮ್ಮ ಏರಿಯಾದಲ್ಲೂ ಅದೇ ಗೋಳು ಯಜಮಾನ್ರೇ. ಸಾಯಂಕಾಲ ಆಯ್ತು ಅಂದ್ರೆ ಸಪ್ಲೈ ಇರಲ್ಲ. ನೀವೊಂದು ಇನ್ವರ್ಟರ್ ಹಾಕ್ಸ್ಬಿಡಿ" ಅಂದ. "ನೋಡು, ಇವರಿಗೂ ಗೊತ್ತು" ಅಂದರು ಇವರು. ಹೀಗೆ ನಮ್ಮ ಮನೆಗೆ ಇನ್ವರ್ಟರು ಬೇಕು ಅಂತ ಕಣ್ಣಿನ ಡಾಕ್ಟರು ಬರೆದುಕೊಟ್ಟಳು, ಆಟೋದವನು ಒಪ್ಪಿಗೆ ಹಾಕಿದ.

ಅವರಿಗೆ ನಿಜವಾಗಿಯೂ ಹಾಗೆ ಕೇಳಿಸಿತೋ, ಹಾಗೆ ಕೇಳಿಸಿಕೊಂಡರೋ, ನನಗೆ ಇಂದಿಗೂ ಗೊತ್ತಿಲ್ಲ. ಶಾರದ ಮಾತ್ರ ದಿನಾ ಫೋನಿನಲ್ಲಿ ನನ್ನ ಪ್ರಾಣ ತೆಗೆಯುತ್ತಿದ್ದಳು. "ಅಮ್ಮ, ಅಪ್ಪಂಗೆ ನೀನೇ ಬಿಡಿಸಿ ಹೇಳ್ಬಿಡು. ನೀನಾದ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯ." ಹೌದು, ಹೇಳುತ್ತೇನೆ. ಪಕ್ಕದ ಮನೆಯಾಕೆಗೆ ನಿನ್ನ ಸಾರು ಕೈ ತೊಳೆದ ನೀರಿನ ಹಾಗಿದೆ ಅಂತ ಹೇಳಿದ್ದೇನೆ. ಸ್ವಂತ ತಮ್ಮನಿಗೆ, ಮದುವೆ ಮಂಟಪದಲ್ಲೇ, ನಿನ್ನ ಪೇಟ ನೋಡಿದರೆ ಬ್ಯಾಂಡಿನವರು ಒಬ್ಬರು ಜಾಸ್ತಿ ಬಂದ ಹಾಗಿದೆ ಅಂತ ಹೇಳಿದ್ದೇನೆ. ಆದರೆ ಬ್ರಷ್ಷುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಮುಟ್ಟಿ ದಪ್ಪ ಸಣ್ಣ ಅಂತ ಜೋಡಿಸಿಡುತ್ತಿದ್ದ ಮನುಷ್ಯನ ಮುಂದೆ ನಿಂತಾಗ ಗಂಟಲಿಗೆ ಬಂದ ಮಾತು, "ಸಾರಿಗೆ ಇವತ್ತು ಬೇಳೆ ಹಾಕ್ಲೋ, ಬರೀ ತಿಳಿಸಾರೋ?" ಆಗಿಬಿಡುತ್ತಿತ್ತು. "ನೀನೇ ಹೇಳೇ, ಓದಿದೋಳು" ಅಂದೆ ಶಾರದಗೆ. ಅವಳು ಭಾನುವಾರ ಬಂದಳು, ಅಪ್ಪನ ಪಕ್ಕ ಕೂತಳು, ಒಂದು ಗಂಟೆ ಮಳೆಯ ವಿಷಯ ಮಾತಾಡಿದಳು, ಹೋಗುವಾಗ ಇನ್ವರ್ಟರು ನಾನು ಕೊಡಿಸುತ್ತೇನೆ ಅಂದಳು.

ಬರೀ ಇನ್ವರ್ಟರು ಸಾಕಾಗಿತ್ತು. ಆದರೆ ಇವರಿಗೆ ಸೋಲಾರೇ ಬೇಕು. ಅದಕ್ಕೆ ಅವರದೇ ಒಂದು ತರ್ಕ. ಬೋರ್ಡಿನವರು ಬಣ್ಣ ಕಲಸಿದರೆ ಮನೆಯೊಳಗೆ ನೋಡಿ ನಂಬುವುದಿಲ್ಲ, ಬಿಸಿಲಿಗೆ ತಂದು ನೋಡುತ್ತಾರೆ. ಬಲ್ಬಿನ ಕೆಳಗೆ ಹಳದಿ ಬಿಳುಪಾಗುತ್ತದೆ, ನೀಲಿ ಕಪ್ಪಾಗುತ್ತದೆ. "ಅದಕ್ಕೇ ಸೋಲಾರ್ ಕಣೇ. ಹಗಲಿನ ಬಿಸಿಲನ್ನೇ ಬ್ಯಾಟರೀಲಿ ತುಂಬಿಟ್ಟು ಸಾಯಂಕಾಲ ಬಿಡೋದು. ಬಣ್ಣ ಬಣ್ಣವಾಗೇ ಕಾಣತ್ತೆ" ಅಂದರು. "ಬಿಸಿಲೇ ಬರೋದಾದ್ರೆ ಅದರ ಕೆಳಗೆ ಹಪ್ಪಳ ಒಣಗ್ಸ್ಬೋದಾ?" ಅಂತ ಕೇಳಿದೆ. ನಿನಗೆ ವಿಜ್ಞಾನ ಗೊತ್ತಿಲ್ಲ ಅಂದರು. ಅದು ನಿಜ.

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಅಂಥ ಅಂಗಡಿಯೊಂದಿದೆ ಅಂತ ಶಾರದ ವಿಚಾರಿಸಿಕೊಂಡು ಬಂದಿದ್ದಳು. ಇಬ್ಬರೂ ಹೋದೆವು. ಬಸ್ಸಿಳಿದ ಮೇಲೆ ಇವರು ನನ್ನ ತೋಳು ಹಿಡಿದುಕೊಂಡರು. ರಸ್ತೆಯಲ್ಲಿ ಹೆಂಡತಿಯ ಕೈ ಹಿಡಿಯುವ ಜಾತಿಯವರಲ್ಲ. "ಮಲ್ಲೇಶ್ವರದಲ್ಲಿ ನೂಕುನುಗ್ಗಲು ಜಾಸ್ತಿ, ನೀನು ತಪ್ಪಿಸ್ಕೊಂಡೀಯ" ಅಂದರು. ಸರಿ, ತಪ್ಪಿಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ಗಿರೀಶ ಅಂತ, ಟೈ ಕಟ್ಟಿಕೊಂಡು ದಪ್ಪ ಮೀಸೆ ಬಿಟ್ಟುಕೊಂಡಿದ್ದ ಮನುಷ್ಯ, ಕೂರಿಸಿ ಮೊದಲ ಪ್ರಶ್ನೆ ಕೇಳಿದ. "ನಿಮ್ಮ ಮನೆ ಲೋಡ್ ಎಷ್ಟಮ್ಮಾ?"

"ನಾವಿಬ್ರೇ" ಅಂದೆ.

ಅವನು ನಗಲಿಲ್ಲ, ವ್ಯಾಪಾರಿ. ಎಷ್ಟು ಲೈಟು, ಎಷ್ಟು ಫ್ಯಾನು ಅಂತ ಬಿಡಿಸಿ ಕೇಳಿದ. ಇವರು ಲೈಟುಗಳ ಹೆಸರು ಹೇಳುತ್ತಾ ಹೋದರು, ಅವನ ಮೀಸೆ ಮೇಲೇರುತ್ತಾ ಹೋಯಿತು. "ಒಂದು ರೂಮಿಗೆ ಇಷ್ಟೊಂದು ಯಾಕೆ ಸಾರ್? ಒಂದು ಟ್ಯೂಬ್ ಧಾರಾಳವಾಗಿ ಸಾಕು" ಅಂದ. ಇವರು, "ನಮ್ಮದು ಸೂಕ್ಷ್ಮದ ಕೆಲಸ" ಅಂದರು. ಚಿಕ್ಕ ಪ್ಯಾನಲ್ಲು, ದೊಡ್ಡ ಪ್ಯಾನಲ್ಲು, ಈ ಬ್ಯಾಟರಿಗೆ ನೀರು ಹಾಕಬೇಕು, ಆ ಬ್ಯಾಟರಿಗೆ ಬೇಡ, ಈ ಇನ್ವರ್ಟರು ಗುಂಯ್ ಅನ್ನುತ್ತದೆ, ಆ ಇನ್ವರ್ಟರು ಮೌನವಾಗಿರುತ್ತದೆ ಆದರೆ ರೇಟು ಮಾತಾಡುತ್ತದೆ. ನನಗೆ ಸೀರೆ ಅಂಗಡಿಯ ನೆನಪು ಬಂತು. ನಾನು ಕೇಳಿದ್ದು ಒಂದೇ: "ಬೆಳಕು ಯಾವುದರಲ್ಲಿ ಜಾಸ್ತಿ ಬರತ್ತಪ್ಪ?" ಎಲ್ಲದರಲ್ಲೂ ಒಂದೇ ಬೆಳಕು ಅಂದ. ಇವರು ಒಪ್ಪಲಿಲ್ಲ. ದೊಡ್ಡ ಪ್ಯಾನಲ್ಲನ್ನು ಅಂಗೈಯಿಂದ ಸವರಿದರು, ಹೊಸ ಹಲಗೆಯ ನುಣುಪು ನೋಡುವ ಹಾಗೆ. "ಇದು" ಅಂದರು. ಗುಂಯ್ ಅನ್ನುವ ಇನ್ವರ್ಟರನ್ನು ಆರಿಸಿದವಳು ನಾನು. ಸದ್ದು ಮಾಡಿದರೆ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತದಲ್ಲ, ಅದಕ್ಕೆ.

ಎರಡು ದಿನ ಬಿಟ್ಟು ಗಿರೀಶ ಮನೆ ನೋಡಲು ಬಂದ. ಮಾಳಿಗೆ ಹತ್ತಿ ಇಳಿದು, "ಕರೆಂಟ್ ಪ್ರಾಬ್ಲಮ್ ಏನಮ್ಮಾ ನಿಮಗೆ?" ಅಂತ ಕೇಳಿದ. ಯಜಮಾನರು ಎದುರಿಗೇ ಕೂತಿದ್ದಾರೆ, ಏನಂತ ಹೇಳಲಿ? "ದಿನಾ ಸಾಯಂಕಾಲ ದೀಪ ದೊಡ್ಡದಾಗತ್ತೆ ಕಣಪ್ಪ" ಅಂದೆ. ಅವನು ಗಾಬರಿಯಾಗಿ ಬರೆದುಕೊಂಡ. "ಹೈ ವೋಲ್ಟೇಜ್! ಬಲ್ಬ್ ಸುಟ್ಟೋಗತ್ತಾ?" "ಸುಡಲ್ಲಪ್ಪ, ದೊಡ್ಡದಾಗತ್ತೆ. ಆಮೇಲೆ ಕತ್ತಲೆ." "ದೊಡ್ಡದಾದ್ರೆ ಕತ್ತಲೆ ಹೆಂಗಾಗತ್ತಮ್ಮಾ?" ನಾನು ಇನ್ನೂ ಗಟ್ಟಿಯಾಗಿ, ಕಿವುಡನಿಗೆ ಹೇಳುವ ಹಾಗೆ, "ದೊಡ್ಡದಾದ್ರೆ ಇನ್ನೇನಾಗತ್ತೆ, ಬೆಳಕಾಗತ್ತಾ?" ಅಂದೆ. ಅವನು ಒಂದು ಸ್ಟೆಬಿಲೈಜರನ್ನೂ ಸೇರಿಸಿ ಬರೆದ. ಆಗ ಇವರು ನಕ್ಕರು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಿಲ್ಲಪ್ಪ, ದೀಪ ಆರಿತು ಅಂತ ಬಾಯಲ್ಲಿ ಅನ್ನಬಾರದು ಅಂತ ಹೆಂಗಸರು ದೊಡ್ಡದಾಯ್ತು ಅಂತಾರೆ. ಆರೋದನ್ನೇ ಹೇಳ್ತಿದಾಳೆ ಅವಳು. ನೀನು ಆ ಸ್ಟೆಬಿಲೈಜರ್ ಹೊಡೆದು ಹಾಕು" ಅಂದರು. ಗಿರೀಶನೂ ನಕ್ಕ. ನಾನು ಕಾಫಿ ಬೆರೆಸುವ ನೆಪದಲ್ಲಿ ಒಳಗೆ ಹೋದೆ. ಅಷ್ಟು ಚೆನ್ನಾಗಿ ಬಿಡಿಸಿ ಹೇಳುವವರಿಗೆ ನಾನು ಇನ್ನೇನು ಬಿಡಿಸಿ ಹೇಳಲಿ?

ಪ್ಯಾನಲ್ಲನ್ನು ನೀರಿನ ತೊಟ್ಟಿಯ ಪಕ್ಕ, ಪಕ್ಕದ ಮಹಡಿ ಮನೆಯ ನೆರಳು ಬೀಳದ ಮೂಲೆಯಲ್ಲಿ ನಿಲ್ಲಿಸಿದರು. ಬ್ಯಾಟರಿ ಮತ್ತು ಇನ್ವರ್ಟರು ನಡುಮನೆಯ ಮೂಲೆಗೆ ಬಂದವು. ಅರಿಶಿನ ಕುಂಕುಮ ಇಟ್ಟೆ. ಮೊದಲ ಸಲ ಬೀದಿಗೆಲ್ಲ ಕರೆಂಟು ಹೋಗಿ ನಮ್ಮ ಮನೆ ಮಾತ್ರ ಬೆಳಗಿದಾಗ ಪಕ್ಕದ ಮನೆಯಾಕೆ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಓಡಿ ಬಂದಳು. ಇವರು ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತು, "ಬನ್ನಿ ಬನ್ನಿ, ಇದು ಬಿಸಿಲಿನ ಲೈಟು" ಅಂತ ಎಲ್ಲರಿಗೂ ಹೇಳುತ್ತಿದ್ದರು. "ಬಣ್ಣ ಕಾಣತ್ತೇನ್ರೀ?" ಅಂತ ಕೇಳಿದೆ. "ಈಗ ನೋಡು, ಪರವಾಗಿಲ್ಲ" ಅಂದರು. ಹನಿ ಔಷಧಿಯನ್ನು ಮಾತ್ರ ನಾನೇ ನೆನಪಿಸಬೇಕಾಗಿತ್ತು. ಲೈಟು ಬಂದ ಮೇಲೆ ಅದು ಯಾಕೆ ಅನ್ನುತ್ತಿದ್ದರು.

ಬೀದಿ ಕೊನೆಯಲ್ಲಿ ಆಂಜನೇಯನ ಗುಡಿ ಇದೆ. ಅಲ್ಲಿಯ 'ಚಪ್ಪಲಿಗಳನ್ನು ಇಲ್ಲಿಯೇ ಬಿಡಿ' ಬೋರ್ಡು ಇವರದೇ ಕೈಯದು. ಮಾಸಿದಾಗಲೆಲ್ಲ ಇವರೇ ಹೊಸದಾಗಿ ಬರೆದುಕೊಡುವುದು ಪದ್ಧತಿ. ಆ ಮಳೆಗಾಲದಲ್ಲಿ ಅಕ್ಷರ ಪೂರ್ತಿ ಹೋಗಿತ್ತು. ಅರ್ಚಕರು, ಯಜಮಾನ್ರಿಗೆ ತೊಂದರೆ ಯಾಕೆ, ಸ್ಟಿಕ್ಕರ್ ಹಾಕಿಸಿಬಿಡುತ್ತೇವೆ ಅಂದರು. ಇವರಿಗೆ ರೇಗಿತು. "ದೇವರ ಬಾಗಿಲಿಗೆ ಅಂಟು ಕಾಗದಾನಾ? ಹಲಗೆ ಕಳಿಸಿ" ಅಂದರು. ಹಲಗೆ ಬಂತು. ಹಿನ್ನೆಲೆಗೆ ಬಿಳಿ ಬಳಿದರು, ಒಣಗಿತು, ಪಟ್ಟಿ ಇಟ್ಟು ಗೆರೆ ಹಾಕಿಕೊಂಡರು. ಒಂದು ಸಾಯಂಕಾಲ ಚಾಪೆ ಹಾಸಿ, ಕೆಂಪು ಬಣ್ಣ ಕಲಸಿಕೊಂಡು ಕೂತರು. ನಾನು ಅವರೆಕಾಯಿ ಸುಲಿಯುತ್ತಾ ಎದುರಿಗೆ ಕೂತೆ. ಸ್ವಲ್ಪ ಹೊತ್ತಿಗೆ ಬೀದಿಯ ಕರೆಂಟು ಹೋಯಿತು. ಇನ್ವರ್ಟರು ಟಕ್ ಅಂತು, ಗುಂಯ್ ಅಂತು, ಟ್ಯೂಬ್‌ಲೈಟ್ ಕಣ್ಣು ಕುಕ್ಕುವ ಹಾಗೆ ಉರಿಯಿತು. ಅವರ ಕೈ ನಡೆಯುತ್ತಿತ್ತು. ಚಪ್ಪಲಿ ಅಂತ ಬರೆದರು. ಚೆನ್ನಾಗಿಯೇ ಇತ್ತು. ಮುಂದಿನ ಮಾತನ್ನು ಅದರ ಪಕ್ಕದಲ್ಲಿ ಬರೆಯಬೇಕಲ್ಲ, ಅದರ ಮೇಲೆಯೇ ಬರೆಯತೊಡಗಿದರು. ಹಸಿ ಕೆಂಪಿನ ಮೇಲೆ ಹಸಿ ಕೆಂಪು. ನೋಡುತ್ತಾ ಕೂತೆ. ಅವರೆಕಾಳು ಮಡಿಲಿನಿಂದ ಉರುಳಿ ಹೋಗುತ್ತಿತ್ತು.

ಅವರು ಕೈ ತಡೆದರು. ಬ್ರಷ್ಷನ್ನು ಹಾಗೆಯೇ ಎತ್ತಿ ಹಿಡಿದು, "ನಂಜೀ, ಲೈಟು ಹತ್ತಿದೆಯೇನೇ?" ಅಂತ ಕೇಳಿದರು.

ನಾನು, "ಇಲ್ಲ" ಅಂದೆ. ಅದು ಹೇಗೆ ಬಂತೋ ಬಾಯಿಗೆ. "ಕರೆಂಟ್ ಹೋಗಿದೆ. ಆ ಹಾಳು ಇನ್ವರ್ಟರೂ ಹತ್ತಿಲ್ಲ."

ಮೂಲೆಯ ಕಡೆಗೆ ತಲೆ ವಾಲಿಸಿದರು. ಆಮೇಲೆ ಬ್ರಷ್ಷನ್ನು ಟರ್ಪೆಂಟೈನ್ ಡಬ್ಬಿಗೆ ಅದ್ದಿ, ಬಟ್ಟೆಯಲ್ಲಿ ಒರೆಸಿ, ಜಾಗದಲ್ಲಿ ಇಟ್ಟರು. "ಗಿರೀಶಂಗೆ ಫೋನ್ ಮಾಡು, ಬಂದು ನೋಡ್ಲಿ" ಅಂದರು.

ಮಾರನೆಯ ಬೆಳಿಗ್ಗೆ ಗಿರೀಶ ಬಂದ. ಮೈನ್ ಸ್ವಿಚ್ಚು ಕೆಳಗೆ ಮಾಡಿದ, ಇನ್ವರ್ಟರು ಟಕ್ ಅಂತು. ಮೇಲೆ ಮಾಡಿದ, ಕೆಳಗೆ ಮಾಡಿದ. "ಎಲ್ಲಾ ಸರಿಯಾಗೇ ಇದೆಯಲ್ಲಮ್ಮಾ" ಅಂದ. ನಾನು ಹುಬ್ಬು ಹಾರಿಸಿದೆ, ಕಣ್ಣು ಮಿಟುಕಿಸಿದೆ, ಯಜಮಾನರ ಕಡೆ ಕೈ ತೋರಿಸಿದೆ. ಅವನಿಗೆ ಅರ್ಥವಾಗಲಿಲ್ಲ. ನನಗೇನಾದರೂ ವಾಯುಪೀಡೆಯೋ ಅನ್ನುವ ಹಾಗೆ ನೋಡಿದ. ಕೊನೆಗೆ ಬಾಯಿ ಬಿಟ್ಟೆ. "ಏನ್ ಸರಿಯಾಗಿದೆ? ನೆನ್ನೆ ಹತ್ತಲಿಲ್ಲ. ವಯಸ್ಸಾದೋರು ಅಂತ ಹಾಳು ಮಾಲು ತಂದು ತಲೆಗೆ ಕಟ್ಟಿದೀಯ. ಟೈ ಬೇರೆ ಕೇಡು ನಿನಗೆ!" ಪಾಪ, ಅವನು ಟೈ ಹಿಡಿದುಕೊಂಡು ನಿಂತುಬಿಟ್ಟ.

"ಸಾಕು ಬಿಡೇ" ಅಂದರು ಯಜಮಾನರು ಕುರ್ಚಿಯಿಂದ. "ಅವನನ್ನ ಯಾಕೆ ಬೈತೀಯ? ನೆನ್ನೆ ಹತ್ತಿತ್ತು. ಗುಂಯ್ ಅಂತಿತ್ತಲ್ಲ, ನನಗೆ ಕಿವಿ ಕೇಳಿಸಲ್ವಾ?"

ನಾನು ಆ ಸದ್ದಿಗೆ ಎಷ್ಟು ಒಗ್ಗಿ ಹೋಗಿದ್ದೆ ಅಂದರೆ, ಸುಳ್ಳು ಹೇಳುವಾಗ ಅದು ಮೂಲೆಯಲ್ಲಿ ಕೂತು ಸಾಕ್ಷಿ ಹೇಳುತ್ತಿದೆ ಅನ್ನುವುದೇ ಹೊಳೆದಿರಲಿಲ್ಲ. "ಮತ್ತೆ ಫೋನ್ ಮಾಡು ಅಂತ ಯಾಕಂದ್ರಿ?" ಅಂದೆ.

"ನೀನು ಎಲ್ಲೀವರೆಗೂ ಹೋಗ್ತೀಯ ನೋಡೋಣ ಅಂತ" ಅಂದರು. "ಇಷ್ಟು ದಿನ ಸಂಸಾರ ಮಾಡಿದೀನಿ, ನಿನ್ನ ಬಾಯಲ್ಲಿ ಒಂದು ಸುಳ್ಳು ಕೇಳಿರಲಿಲ್ಲ. ಅವನಿಗೆ ಒಂದು ಲೋಟ ಕಾಫಿ ಕೊಡು. ಆಮೇಲೆ ಗುಡಿಗೆ ಹೋಗಿ ಅರ್ಚಕರಿಗೆ ಸ್ಟಿಕ್ಕರ್ ಹಾಕಿಸ್ಕೊಳ್ಳಿ ಅಂತ ನಾನೇ ಹೇಳಿದೆ ಅನ್ನು."

ಕೊಟ್ಟೆ. ಗಿರೀಶ ಬಿಸಿ ಕಾಫಿಯನ್ನು ಎಲ್ಲಿಯೂ ನೋಡದೆ ಒಂದೇ ಗುಟುಕಿಗೆ ಕುಡಿದು, ಬಾಯಿ ಸುಟ್ಟುಕೊಂಡು ಹೋದ. ಗುಡಿಗೆ ಹೋಗಿ ಹೇಳಿ ಬಂದೆ. ಹನಿ ಔಷಧಿ ಹಾಕುವಾಗ ಇವರು ಆವತ್ತು ತಾವೇ ತಲೆ ಹಿಂದಕ್ಕೆ ಬಾಗಿಸಿಕೊಂಡರು. "ಇನ್ಮೇಲೆ ಈ ರೂಮಿಗೆ ಒಂದೇ ಟ್ಯೂಬ್ ಸಾಕು. ಉಳಿದದ್ದು ತೆಗೆಸಿಬಿಡು, ನಿನಗೆ ಕಣ್ಣು ಕುಕ್ಕತ್ತೆ" ಅಂದರು. ಶಾರದಗೆ ಫೋನ್ ಮಾಡಿ, "ನಿಮ್ಮಪ್ಪಂಗೆ ಹೇಳಿದ್ದಾಯ್ತು" ಅಂದೆ. "ಹೆಂಗಮ್ಮಾ ಹೇಳ್ದೆ?" ಅಂತ ಅತ್ತಳು. "ಸುಳ್ಳು ಹೇಳಿ ಸಿಕ್ಕಿಬಿದ್ದೆ" ಅಂದರೆ ಅವಳಿಗೆ ತಿಳಿಯಲಿಲ್ಲ. ಬಿಡಿಸಿ ಹೇಳುವ ಶಕ್ತಿ ನನಗಿರಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಇವರಿಗೆ ಈಗ ಹಗಲೂ ಒಂದೇ, ಸಾಯಂಕಾಲವೂ ಒಂದೇ. ಮೊನ್ನೆ ಸಂಜೆ ಕರೆಂಟು ಹೋಯಿತು, ಇನ್ವರ್ಟರು ಟಕ್ ಅನ್ನಲೇ ಇಲ್ಲ. ಇನ್ನೂ ಮಬ್ಬು ಬೆಳಕಿತ್ತು, ಗಿರೀಶನಿಗೆ ಫೋನ್ ಮಾಡಿದೆ. "ಗಿರೀಶಪ್ಪ, ಇನ್ವರ್ಟರ್ ಕೆಟ್ಟಿದೆ" ಅಂದೆ. ಆ ಕಡೆಯಿಂದ ಅವನು ಗುಟ್ಟಿನ ದನಿಯಲ್ಲಿ, "ಅಮ್ಮಾ, ಯಜಮಾನ್ರು ಪಕ್ಕದಲ್ಲೇ ಇದಾರಾ?" ಅಂದ. "ಇದಾರೆ, ಅದಕ್ಕೇನು?" "ಅರ್ಥ ಆಯ್ತು ಬಿಡಿ. ನಾಳೆ ಬಂದು ರಿಪೇರಿ ಮಾಡಿದ ಹಾಗೆ ಮಾಡ್ತೀನಿ." "ಅಯ್ಯೋ, ನಿಜವಾಗ್ಲೂ ಕೆಟ್ಟಿದೆ ಕಣೋ!" "ಆಯ್ತಮ್ಮಾ, ಆಯ್ತು, ಗಟ್ಟಿಯಾಗಿ ಹೇಳ್ಬೇಡಿ" ಅಂತ ಹೆತ್ತ ಮಗನ ಹಾಗೆ ಸಮಾಧಾನ ಮಾಡಿ ಫೋನ್ ಇಟ್ಟುಬಿಟ್ಟ.

ಅಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಬೆಂಕಿಪೊಟ್ಟಣಕ್ಕೆ ಅಡುಗೆಮನೆಯ ಕಡೆ ಹೊರಟವಳು ಮೊಣಕಾಲನ್ನು ಮಣೆಗೆ ಬಡಿದುಕೊಂಡೆ, ಅಲ್ಲಿಂದ ತಿರುಗಿ ಹಣೆಯನ್ನು ಬಾಗಿಲಿಗೆ ಬಡಿದುಕೊಂಡೆ. "ಅಲ್ಲೇ ನಿಂತ್ಕೋ" ಅಂದರು ಇವರು. ಎದ್ದರು. ಒಂದು ಕಡೆಯೂ ತಡಕಾಡದೆ ನಡೆದು ಹೋಗಿ, ಬೆಂಕಿಪೊಟ್ಟಣ ತಂದು ನನ್ನ ಅಂಗೈ ಹುಡುಕಿ ಇಟ್ಟು, ತೋಳು ಹಿಡಿದುಕೊಂಡು ಬಂದು ಕುರ್ಚಿಯ ಮೇಲೆ ಕೂರಿಸಿದರು. "ಬೀಳ್ತೀಯ, ಸುಮ್ನೆ ಕೂತ್ಕೋ" ಅಂದರು. ಕೂತುಕೊಂಡೆ. ಕಡ್ಡಿಯನ್ನು ತಲೆಕೆಳಗಾಗಿ ಹಿಡಿದು ಗೀರುತ್ತಾ ಇದ್ದೆ.